ಎಚ್‌ಇಕ್ಯೂ5 ಗೈಡಿಂಗ್: ಗ್ರಾಫ್ ನೆಟ್ಟಗಿದ್ದರೂ ನಕ್ಷತ್ರ ಎಳೆದಂತೆ ಬಂದರೆ

ಗೈಡಿಂಗ್ ಎಂದರೆ ಚಿಕ್ಕ ಎರಡನೇ ಸ್ಕೋಪಿನಿಂದ ಒಂದು ನಕ್ಷತ್ರವನ್ನು ನೋಡುತ್ತ, ಅದು ಸರಿದಷ್ಟೂ ಮೌಂಟನ್ನು ತಿದ್ದುವುದು; ಆ ಸರಿತವೇ ಗ್ರಾಫಿನಲ್ಲಿ ಕಾಣುತ್ತದೆ. ಸದ್ಯದ ಜೋಡಣೆ: ಸ್ಕೈವಾಚರ್ ಎಚ್‌ಇಕ್ಯೂ5 ಪ್ರೊ ಮೌಂಟ್ (ಆಕಾಶದ ಜೊತೆ ಸ್ಕೋಪನ್ನು ತಿರುಗಿಸುವ ಆಧಾರ), 480 ಮಿ.ಮೀ. ಫೋಕಲ್ ಲೆಂತಿನ 80 ಮಿ.ಮೀ. ರಿಫ್ರ್ಯಾಕ್ಟರ್, ಅದರ ಮೇಲೆ 30 ಮಿ.ಮೀ. ಎಫ್/4 ಗೈಡ್ ಸ್ಕೋಪ್, 3.75 ಮೈಕ್ರಾನ್ ಪಿಕ್ಸೆಲ್ಲಿನ ಮೊನೊ ಗೈಡ್ ಕ್ಯಾಮೆರಾ. ಲ್ಯಾಪ್‌ಟಾಪಿನಿಂದ ಮೌಂಟಿಗೆ ನೇರ ಇಕ್ಯೂಡಿಐಆರ್ ಕೇಬಲ್. ಗೈಡ್ ಕ್ಯಾಮೆರಾದಿಂದ ಮೌಂಟಿಗೆ ಹೋಗುವ ಎಸ್‌ಟಿ-4 ತಂತಿ ಬಿಟ್ಟಿದ್ದೇವೆ: ಡ್ರೈವರ್ ಮೂಲಕ ಹೋದರೆ ಸ್ಕೋಪ್ ಆಕಾಶದಲ್ಲಿ ಎತ್ತ ನೋಡುತ್ತಿದೆ ಎಂಬುದು ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2ಗೆ ಗೊತ್ತಿರುತ್ತದೆ, ಗುರಿ ಬದಲಿಸಿದಾಗಲೆಲ್ಲ ಕ್ಯಾಲಿಬ್ರೇಶನ್ (ಮೌಂಟ್ ಓಡಿಸಿದರೆ ನಕ್ಷತ್ರ ಎತ್ತ, ಎಷ್ಟು ಸರಿಯುತ್ತದೆ ಎಂದು ಅಳೆಯುವುದು) ಮತ್ತೆ ಮಾಡಬೇಕಿಲ್ಲ.

ಮೊದಲು ಮೌಂಟಿನ ಅಕ್ಷವನ್ನು ಧ್ರುವದತ್ತ ನೇರ ಮಾಡಬೇಕು (ಪೋಲಾರ್ ಅಲೈನ್). ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ, ಧ್ರುವ ನಕ್ಷತ್ರವೂ ಅಷ್ಟೇ ಎತ್ತರ. ಉತ್ತರಕ್ಕೆ ಒಂದು ತೆಂಗಿನಮರ ಇದ್ದರೂ ಕಾಣುವುದಿಲ್ಲ. ಕಾಣದಿದ್ದರೆ ನಕ್ಷತ್ರದ ಸರಿತ ನೋಡಿ ಅಕ್ಷ ತಿದ್ದುವ ಪಿಎಚ್‌ಡಿ2ನ ಡ್ರಿಫ್ಟ್ ಅಲೈನ್ ಸಾಕು: ಮೊದಲು ಮಧ್ಯಾಹ್ನ ರೇಖೆಯ (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ಗೆರೆ) ಹತ್ತಿರದ ನಕ್ಷತ್ರ ಹಿಡಿದು ಅಜಿಮತ್ (ಅಡ್ಡ ದಿಕ್ಕು), ಆಮೇಲೆ ಪೂರ್ವ ಅಥವಾ ಪಶ್ಚಿಮದ ನಕ್ಷತ್ರ ಹಿಡಿದು ಆಲ್ಟಿಟ್ಯೂಡ್ (ಎತ್ತರ). ಧ್ರುವದಿಂದ 5 ಆರ್ಕ್‌ಮಿನಿಟ್ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 1.3 ಆರ್ಕ್‌ಸೆಕೆಂಡ್ ಸರಿಯುತ್ತದೆ. ಗೈಡಿಂಗ್ ಅದನ್ನು ನುಂಗಿಕೊಳ್ಳುತ್ತದೆ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ನಿಜವಾದ ತಲೆನೋವು ಬೇರೆ: ಮೌಂಟಿನ ತಲೆ ಉತ್ತರಕ್ಕೆ ವಾಲಿ, ಕೆಳಗೆ ಇಳಿಬಿದ್ದ ಕೌಂಟರ್‌ವೇಟ್ ಉತ್ತರದ ಕಾಲಿಗೆ ಬಡಿಯುತ್ತದೆ. ನಡುವೆ ಎಕ್ಸ್‌ಟೆನ್ಶನ್ ಪಿಯರ್ ಹಾಕುವುದೇ ವಾಸಿ.

ಕ್ಯಾಲಿಬ್ರೇಶನ್‌ಗೆ ಖಗೋಳ ವಿಷುವ ರೇಖೆಯ ಸಮೀಪದ ನಕ್ಷತ್ರ, ಮಧ್ಯಾಹ್ನ ರೇಖೆಯಿಂದ ಒಂದು ಗಂಟೆಯೊಳಗೆ. ಗೈಡ್ ಸ್ಕೋಪಿನ ಅಳತೆ ಪಿಕ್ಸೆಲ್‌ಗೆ 6.45 ಆರ್ಕ್‌ಸೆಕೆಂಡ್. ಗೈಡ್ ವೇಗ 0.5x (ನಕ್ಷತ್ರಗಳ ವೇಗದ ಅರ್ಧ) ಇಟ್ಟರೆ ಕ್ಯಾಲಿಬ್ರೇಶನ್ನಿನ ಒಂದು ಹೆಜ್ಜೆ 1800 ಮಿಲಿಸೆಕೆಂಡ್ ಬರುತ್ತದೆ. 25 ಪಿಕ್ಸೆಲ್ ದೂರಕ್ಕೆ 12 ಹೆಜ್ಜೆ. ಶುರುಮಾಡುವ ಮುನ್ನ ಸ್ಕೋಪನ್ನು ಉತ್ತರಕ್ಕೆ ಸ್ವಲ್ಪ ಓಡಿಸಿ ಗೇರಿನ ಸಡಿಲ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಹೆಜ್ಜೆಗಳಲ್ಲಿ ನಕ್ಷತ್ರ ಅಲುಗುವುದೇ ಇಲ್ಲ. ಗೈಡ್ ಎಕ್ಸ್‌ಪೋಶರ್ 2 ಸೆಕೆಂಡ್. ಅದಕ್ಕಿಂತ ಕಡಿಮೆ ಮಾಡಿದರೆ ಗಾಳಿಯ ಮಿನುಗಿನ ಹಿಂದೆ ಮೌಂಟ್ ಓಡುತ್ತದೆ. ಡಾರ್ಕ್ ಲೈಬ್ರರಿ (ಮುಚ್ಚಳ ಹಾಕಿ ತೆಗೆದ ಕತ್ತಲೆ ಫ್ರೇಮುಗಳು) ತಪ್ಪಿಸಬೇಡಿ. ಸದಾ ಹೊಳೆಯುವ ಕೆಟ್ಟ ಪಿಕ್ಸೆಲ್ಲನ್ನೇ (ಹಾಟ್ ಪಿಕ್ಸೆಲ್) ನಕ್ಷತ್ರವೆಂದು ಹಿಡಿದರೆ ಗ್ರಾಫ್ ಅನುಮಾನ ಬರುವಷ್ಟು ನೆಟ್ಟಗಿರುತ್ತದೆ!

ಎಚ್‌ಇಕ್ಯೂ5ನ ವರ್ಮ್ (ಮೌಂಟನ್ನು ತಿರುಗಿಸುವ ತಿರುಪು ಗೇರು) ಒಂದು ಸುತ್ತಿಗೆ 638 ಸೆಕೆಂಡ್ ತೆಗೆದುಕೊಳ್ಳುತ್ತದೆ. ಗ್ರಾಫಿನ ಆರ್‌ಎ (ಪೂರ್ವ-ಪಶ್ಚಿಮ ಚಲನೆ) ಗೆರೆಯಲ್ಲಿ ಅದೇ ಅವಧಿಗೆ ಅಲೆ ಮರುಕಳಿಸಿದರೆ ಅದು ಸಹಜ, ಗಾಬರಿ ಬೇಡ. ಆರ್‌ಎ ತೂಕ ಪೂರ್ವಕ್ಕೆ ಚೂರು ಹೆಚ್ಚಿರಲಿ, ಹಲ್ಲುಗಳು ಒಂದೇ ಕಡೆ ಒತ್ತಿಕೊಂಡಿರುತ್ತವೆ.

ಇಷ್ಟಾದರೂ 5 ನಿಮಿಷದ ಫ್ರೇಮಿನಲ್ಲಿ ನಕ್ಷತ್ರ ಎಳೆದಂತೆ ಬಂದರೆ ಪಿಎಚ್‌ಡಿ2ನ ಸೆಟ್ಟಿಂಗ್ ಮುಟ್ಟಬೇಡಿ. ಗೈಡ್ ಸ್ಕೋಪ್ ಮುಖ್ಯ ಸ್ಕೋಪಿಗಿಂತ ಬೇರೆಯಾಗಿ ಬಾಗುತ್ತಿರಬಹುದು. ಡಿದರಿಂಗ್ (ಫ್ರೇಮುಗಳ ನಡುವೆ ಸ್ಕೋಪನ್ನು ಬೇಕೆಂದೇ ಚೂರು ಸರಿಸುವುದು) ನಿಲ್ಲಿಸಿ ಒಂದು ಗಂಟೆ ಫ್ರೇಮುಗಳನ್ನು ತೆಗೆದು, ಮೊದಲ ಮತ್ತು ಕೊನೆಯ ಫ್ರೇಮ್ ಹೋಲಿಸಿ. ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ಬಾಗು. ಗೈಡ್ ನಕ್ಷತ್ರದ ಸುತ್ತ ತಿರುಗಿದ್ದರೆ ಪೋಲಾರ್ ತಪ್ಪು. ಗಂಟೆಗೆ 12 ಪಿಕ್ಸೆಲ್ ಸರಿದರೆ 5 ನಿಮಿಷಕ್ಕೆ 1 ಪಿಕ್ಸೆಲ್, ಅದೇ ಮಿತಿ.

ಅಪರಾಧಿ ಹೆಚ್ಚಾಗಿ ಗೈಡ್ ಸ್ಕೋಪನ್ನು ಹಿಡಿದಿರುವ ಫೈಂಡರ್ ಬ್ರ್ಯಾಕೆಟ್. ಎರಡು ತಿರುಪು, ಒಂದು ಸ್ಪ್ರಿಂಗ್ ಇರುವಂಥದ್ದು ಬೇಡವೇ ಬೇಡ. ಎರಡು ಗಟ್ಟಿ ರಿಂಗ್, ಡವ್‌ಟೇಲ್ ಪಟ್ಟಿ ಹಾಕಿ. ಗೈಡ್ ಕ್ಯಾಮೆರಾದ ಯುಎಸ್‌ಬಿ ಕೇಬಲ್ಲನ್ನು ಸ್ಕೋಪಿನ ಬೆನ್ನಿಗೇ ಜಿಪ್ ಟೈ ಬಿಗಿದು, ಕೆಳಗೆ ಒಂದೇ ಕಟ್ಟಾಗಿ ಇಳಿಸಿ. ನೇತಾಡುವ ಕೇಬಲ್ಲಿನ ಭಾರವೇ ಗೈಡ್ ಸ್ಕೋಪನ್ನು ಜಗ್ಗುತ್ತದೆ. ಫೋಕಸರಿನ ಲಾಕ್ ತಿರುಪೂ ನೋಡಿ.

ಬಾಕಿ: ಮಾಗಿಯ ಇಬ್ಬನಿಗೆ ಗೈಡ್ ಸ್ಕೋಪಿಗೊಂದು ಹೀಟರ್ ಪಟ್ಟಿ, 12 ವೋಲ್ಟ್ ಬ್ಯಾಟರಿಗೆ ದಪ್ಪ ತಂತಿ.