ಎಷ್ಟನೇ ರಾಜ್ಯೋತ್ಸವ, ಸರ್?

ಅಕ್ಟೋಬರ್ ಕೊನೇ ವಾರ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನಲ್ವಾ, ಊರವರೆಲ್ಲ ನನ್ನನ್ನೇ ಹಿಡಿಯುತ್ತಾರೆ. "ಸರ್, ಇದು ಎಷ್ಟನೇ ರಾಜ್ಯೋತ್ಸವ? 1956ರಿಂದ ಎಣಿಸಬೇಕಾ, 1973ರಿಂದಾನಾ?"

1956ರಿಂದ ಎಣಿಸಿ. ಆ ಮೊದಲನೇ ವರ್ಷವನ್ನೂ ಸೇರಿಸಿ. ಸುಮ್ನೆ ಕಳೆಯುವ ಲೆಕ್ಕ ಮಾಡಿದರೆ ಒಂದು ಕಡಿಮೆ ಬರುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ. 1956ರ ನವೆಂಬರ್ 1ಕ್ಕೆ ಕನ್ನಡದ ಸೀಮೆಗಳು ಒಂದಾದವು. ಹೆಸರು ಮಾತ್ರ ಮೈಸೂರು ರಾಜ್ಯ ಅಂತಲೇ ಉಳಿಯಿತು. ಕರ್ನಾಟಕ ಅಂತಾದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ನಾಮಕರಣ ಹದಿನೇಳು ವರ್ಷ ತಡವಾಯಿತು ಅಂತ ಯಾರಾದರೂ ವಯಸ್ಸು ಕಡಿಮೆ ಹೇಳುತ್ತಾರಾ?

2023ರಲ್ಲಿ ಹೆಸರಿಗೆ 50 ತುಂಬಿತು. ರಾಜ್ಯೋತ್ಸವ 68ನೇದು. ರಾತ್ರಿ ಹತ್ತೂವರೆಗೆ ಫ್ಲೆಕ್ಸ್ ಅಂಗಡಿಯಿಂದ ನನ್ನ ಹಳೇ ವಿದ್ಯಾರ್ಥಿಯ ಫೋನು. "ಸರ್, 50 ಹಾಕ್ಲೋ, 68 ಹಾಕ್ಲೋ? ಮಷಿನ್ ಆನ್ ಐತ್ರಿ." ನಾನು ರಾಜ್ಯ ಪುನರ್ವಿಂಗಡಣೆಯಿಂದ ಶುರು ಮಾಡಿದೆ. ಪಾಪ, ಹತ್ತು ನಿಮಿಷ ಕೇಳಿದ. "ಸರ್, ಒಂದು ನಂಬರ್ ಹೇಳ್ರಿ ಸಾಕು" ಅಂದ. 68 ಅಂದೆ. ಬೆಳಗ್ಗೆ ಸರ್ಕಲ್ಲಿನಲ್ಲಿ ನೋಡಿದರೆ "50ನೇ ರಾಜ್ಯೋತ್ಸವ". 50 ನೋಡೋಕೆ ಚೆಂದ ಕಾಣ್ತದಂತೆ.

1956ರ ಅಕ್ಟೋಬರ್ 31ಕ್ಕೆ ನಮ್ಮೂರು ಯಾವ ರಾಜ್ಯದಲ್ಲಿತ್ತು ಅಂತ ಒಬ್ಬನಾದರೂ ಕೇಳಿದ್ದರೆ ಚಹಾ ಕುಡಿಸಿ ಕೂರಿಸಿಕೊಳ್ಳುತ್ತಿದ್ದೆ. ನಮ್ಮದು ಕೊಪ್ಪಳದ ಕಡೆ. ಆಗ ರಾಯಚೂರು ಜಿಲ್ಲೆ, ಹೈದರಾಬಾದ್ ರಾಜ್ಯ. ಧಾರವಾಡ ಮುಂಬಯಿಗೆ ಸೇರಿತ್ತು, ಮಂಗಳೂರು, ಕೊಳ್ಳೇಗಾಲ ಮದರಾಸಿಗೆ. ಬಳ್ಳಾರಿಯವರು ಮೂರು ವರ್ಷ ಮೊದಲೇ ಮೈಸೂರಿಗೆ ಬಂದಿದ್ದರು. ಕೊಡಗಂತೂ ತಾನೇ ಒಂದು ರಾಜ್ಯ, ಬೆಳಗಾಗುವಷ್ಟರಲ್ಲಿ ಜಿಲ್ಲೆ. ಕಾಸರಗೋಡು ಅದೇ ದಿನ ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡದವರಿಗೆ ಫೋನ್ ಮಾಡಿ ಇದು ಎಷ್ಟನೇದು ಅಂತ ಕೇಳಿ ನೋಡೋಣ.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಹೊಲದ ಕಾಗದವೊಂದಿದೆ. ಪೂರ್ತಿ ಉರ್ದು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ನಿಜಾಮರ ಕಾಲದಲ್ಲಿ ಉರ್ದು ಕಲಿತ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿ ಹೇಳಿದ್ದರು. ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಬೇವಿನ ಮರ. ಹಳ್ಳ ಇನ್ನೂ ಇದೆ. ಮರ ಯಾವಾಗಲೋ ಹೋಯಿತು, ಚಿಕ್ಕಪ್ಪನ ಮಕ್ಕಳ ಜೊತೆ ಬದುವಿನ ಜಗಳ ಹಾಗೇ ನಡೆದಿದೆ.