ಹುಣಿಸೆ ಮರದ ಹಿಂದೆ ಸುಟ್ಟ ಚೀಟಿಗಳು

ನಮ್ಮ ಸಮಾಜ ಪಾಠದ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ತಿಳಿದು ಈ ಫೆಬ್ರುವರಿಯಲ್ಲಿ ಚಿತ್ರದುರ್ಗಕ್ಕೆ ಹೋದಾಗ, ಅವರ ಮನೆಯ ಜಗಲಿಯ ಮೇಲೆ 1971ರ ಎಸ್‌ಎಸ್‌ಎಲ್‌ಸಿ ತಂಡದ ನಾವು ಐದು ಮಂದಿ ಕುಳಿತಿದ್ದೆವು. ಆ ವರ್ಷದ ಪಠ್ಯಪುಸ್ತಕದ ಒಂದು ಪಾಠವೂ ಯಾರಿಗೂ ನೆನಪಿರಲಿಲ್ಲ. ಆದರೆ ಮೇಷ್ಟ್ರು ತರಗತಿಗೆ ತಂದಿದ್ದ ಹಿತ್ತಾಳೆ ಚೆಂಬನ್ನು ಒಬ್ಬರೂ ಮರೆತಿರಲಿಲ್ಲ.

ಅದು ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ಮಾಡುತ್ತಿದ್ದ ಕಾಲ. 1970ರ ಮೇ 4ರಂದು ಅಮೆರಿಕದ ಓಹಾಯೋ ರಾಜ್ಯದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿಸಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಅಲ್ಲಿನ ರಕ್ಷಣಾ ಪಡೆ ಗುಂಡು ಹಾರಿಸಿ ನಾಲ್ವರನ್ನು ಕೊಂದಿತ್ತು. ಹದಿಮೂರು ಸೆಕೆಂಡುಗಳಲ್ಲಿ 67 ಗುಂಡುಗಳು ಹಾರಿದವೆಂದೂ, ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲಿ ಸೇರದೆ ತರಗತಿಗೆ ಹೋಗುತ್ತಿದ್ದವರೆಂದೂ ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಮೇಷ್ಟ್ರು ಪತ್ರಿಕೆಯ ತುಣುಕೊಂದನ್ನು ಓದಿ ಹೇಳಿದರು. ಯುದ್ಧ ನಡೆಯುತ್ತಿರುವುದು ಸಾವಿರಾರು ಮೈಲಿ ಆಚೆ, ಈ ಹುಡುಗರು ತಮ್ಮ ಸರ್ಕಾರದ ಮೇಲೆಯೇ ಏಕೆ ತಿರುಗಿಬಿದ್ದರು ಎಂದು ನಮ್ಮಲ್ಲೊಬ್ಬ ಕೇಳಿದ.

ಮರುದಿನ ಚೆಂಬು ಬಂತು. ನಲವತ್ತೆರಡು ಹುಡುಗರೂ ಹಾಜರಿ ಪುಸ್ತಕದಲ್ಲಿದ್ದ ತಮ್ಮ ಹುಟ್ಟಿದ ತಾರೀಖನ್ನು ಚೀಟಿಯಲ್ಲಿ ಬರೆದು ಮಡಿಸಿ ಅದಕ್ಕೆ ಹಾಕಿದೆವು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಹೀಗೆಯೇ ವರ್ಷದ 366 ತಾರೀಖುಗಳನ್ನು ಒಂದೊಂದು ನೀಲಿ ಡಬ್ಬಿಯೊಳಗಿಟ್ಟು, ಗಾಜಿನ ಪಾತ್ರೆಯಿಂದ ಒಂದೊಂದಾಗಿ ಎತ್ತಿದರೆಂದೂ, ಮೊದಲು ಬಂದ ತಾರೀಖಿನಂದು ಹುಟ್ಟಿದ ಯುವಕರನ್ನು ಮೊದಲು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವುದು ಅಲ್ಲಿನ ಕ್ರಮವೆಂದೂ ವಿವರಿಸಿ, ಮುಂದಿನ ಬೆಂಚಿನ ಹುಡುಗನಿಂದ ಒಂದು ಚೀಟಿ ಎತ್ತಿಸಿದರು. ಅದರಲ್ಲಿ ಜೂನ್ 1 ಎಂದಿತ್ತು. ಹಳ್ಳಿಗಳಿಂದ ಬಂದ ನಮ್ಮಂಥವರನ್ನು ಶಾಲೆಗೆ ಸೇರಿಸುವಾಗ ಅಲ್ಲಿನ ಗುರುಗಳು ಬರೆದುಕೊಳ್ಳುತ್ತಿದ್ದ ಜನ್ಮದಿನವೇ ಅದು. ಹತ್ತೊಂಬತ್ತು ಹುಡುಗರು ಎದ್ದು ನಿಂತೆವು. "ಈಗಲೂ ದೂರ ಅನ್ನಿಸ್ತದೇನ್ರಪ್ಪಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ವರ್ಷ ಶಾಲೆಯ ರಂಗಮಂಟಪಕ್ಕಾಗಿ ಪ್ರತಿ ಶನಿವಾರ ನಾವು ಕಲ್ಲು ಹೊರಬೇಕಿತ್ತು. ಎಂಟನೇ ತರಗತಿಯ ಚಿಕ್ಕ ಹುಡುಗರಿಗೂ ವಿನಾಯಿತಿ ಇರಲಿಲ್ಲ. ಹೊತ್ತ ಲೆಕ್ಕಕ್ಕೆ ಶ್ರಮದಾನದ ಚೀಟಿಯೊಂದನ್ನು ಕೊಟ್ಟಿದ್ದರು. ಅಮೆರಿಕದ ಯುವಕರು ಸೈನ್ಯದ ಕಡ್ಡಾಯ ಭರ್ತಿಯ ಕಾರ್ಡುಗಳನ್ನು ಸುಟ್ಟ ಕಥೆ ಕೇಳಿದ ಹುಮ್ಮಸ್ಸಿನಲ್ಲಿ ನಾವು ಏಳು ಮಂದಿ ಒಂದು ಶನಿವಾರ ಹುಣಿಸೆ ಮರದ ಹಿಂದೆ ಸೇರಿ, ಚೀಟಿಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟೆವು. ಹೊಗೆ ಕಂಡು ಮೊದಲು ಬಂದವರು ಮೇಷ್ಟ್ರೇ.

ಅವರು ಬೆತ್ತ ಮುಟ್ಟಲಿಲ್ಲ. ಕಾರ್ಡು ಸುಟ್ಟವರಿಗೆ ಐದು ವರ್ಷದವರೆಗೆ ಜೈಲೆಂದು ಅಮೆರಿಕ 1965ರಲ್ಲಿ ಕಾನೂನು ಮಾಡಿದ ಮೇಲೂ ಅಲ್ಲಿನ ಹುಡುಗರು ಪೊಲೀಸರ ಎದುರಿನಲ್ಲೇ ಅದನ್ನು ಎತ್ತಿಹಿಡಿದು ಸುಟ್ಟದ್ದನ್ನು ಹೇಳಿದರು. ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ ಸೈನ್ಯದ ಭರ್ತಿಗೆ ತನ್ನ ಹೆಸರು ಕೂಗಿದಾಗ ಹೆಜ್ಜೆ ಮುಂದಿಡದೆ ನಿಂತು ಬಾಕ್ಸಿಂಗ್ ಪಟ್ಟ ಕಳೆದುಕೊಂಡದ್ದನ್ನು ಹೇಳಿದರು. 1940ರಲ್ಲಿ, ಬ್ರಿಟಿಷರು ನಮ್ಮನ್ನು ಕೇಳದೆ ನಮ್ಮ ದೇಶವನ್ನು ಯುದ್ಧಕ್ಕೆ ಎಳೆದಾಗ, ಗಾಂಧೀಜಿ ಆರಂಭಿಸಿದ ವೈಯಕ್ತಿಕ ಸತ್ಯಾಗ್ರಹಕ್ಕೆ ವಿನೋಬಾ ಅವರೇ ಮೊದಲಿಗರೆಂದೂ, ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಯುದ್ಧದ ವಿರುದ್ಧ ಮಾತನಾಡುತ್ತೇನೆಂದು ಸತ್ಯಾಗ್ರಹಿ ಮೊದಲೇ ಮ್ಯಾಜಿಸ್ಟ್ರೇಟರಿಗೆ ಕಾಗದ ಬರೆದು ತಿಳಿಸಬೇಕಿತ್ತೆಂದೂ ಹೇಳಿದರು. "ಮರದ ಹಿಂದೆ ಸುಟ್ಟರೆ ಬೂದಿ ಆಗ್ತದೆ ಅಷ್ಟೇ. ನಿಮ್ಮ ಹೆಸರೆಲ್ಲಿ?" ಎಂದರು.

ಅಂದೇ ನಾವು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದು, ಚೀಟಿ ಸುಟ್ಟವರು ನಾವೇ ಎಂದು ಒಪ್ಪಿಕೊಂಡು ಏಳು ಸಹಿಗಳನ್ನು ಹಾಕಿದೆವು. ಒಕ್ಕಣೆ ನನ್ನದಾಗಿತ್ತು. ಮೂವತ್ತು ವರ್ಷಗಳ ನನ್ನ ವಕೀಲಿಯಲ್ಲಿ ಬರೆದ ಎಷ್ಟೋ ಮನವಿಗಳಿಗಿಂತ ಅದೇ ಚೆನ್ನಾಗಿತ್ತೆಂದು ಇಂದಿಗೂ ನಂಬಿದ್ದೇನೆ. ಎರಡು ದಿನ ಬಿಸಿಲಿನಲ್ಲಿ ನಿಂತೆವು. ಕಲ್ಲು ಹೊರುವುದು ನಿಲ್ಲಲಿಲ್ಲ, ಆದರೆ ಮುಂದಿನ ತಿಂಗಳಿನಿಂದ ಎಂಟನೇ ತರಗತಿಯವರನ್ನು ಬಿಟ್ಟರು.

2003ರ ಫೆಬ್ರುವರಿ 15ರಂದು ಇರಾಕ್ ಯುದ್ಧ ಬೇಡವೆಂದು ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರೂ ಮಾರ್ಚ್‌ನಲ್ಲಿ ಯುದ್ಧ ನಡೆದೇ ಹೋಯಿತು. ಆಗ ಮೇಷ್ಟ್ರನ್ನು ಕಂಡು, ಏನೂ ಪ್ರಯೋಜನವಾಗಲಿಲ್ಲವಲ್ಲ ಸಾರ್ ಎಂದೆ. ವಿಯೆಟ್ನಾಂ ಯುದ್ಧದ ವಿರುದ್ಧ 1965ರಿಂದಲೇ ದನಿ ಎದ್ದಿದ್ದರೂ ಅಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತದ್ದು 1973ರಲ್ಲಿ, ಅಷ್ಟರೊಳಗೆ ಅಮೆರಿಕದವರೇ 58,000ದಷ್ಟು ಮಂದಿ ಸತ್ತಿದ್ದರು, ವಿಯೆಟ್ನಾಮಿನವರು ಅದರ ಎಷ್ಟೋ ಪಟ್ಟು ಎಂದು ಅವರು ನೆನಪಿಸಿದರು. ಎಂಟನೇ ತರಗತಿಯ ಹುಡುಗರ ವಿಷಯವನ್ನೂ ಅವರು ಮರೆತಿರಲಿಲ್ಲ.

ನನ್ನ ಮೊಮ್ಮಗಳ ಸಮಾಜ ವಿಜ್ಞಾನವೆಂದರೆ ಈಗ ಪ್ರಶ್ನೆ ಬ್ಯಾಂಕು. ಯುದ್ಧಕ್ಕೆ ಮೂರು ಕಾರಣ, ಮೂರು ಪರಿಣಾಮ, ತಲಾ ಒಂದು ಅಂಕ. ಹೆಸರಿಲ್ಲದೆ ಮೊಬೈಲಿನಲ್ಲಿ ಸಿಟ್ಟು ತೀರಿಸಿಕೊಳ್ಳುವ ಮಕ್ಕಳನ್ನು ಕಂಡಾಗ ನನಗೆ ಆ ಹುಣಿಸೆ ಮರದ ನೆನಪಾಗಿ ಸಂಕಟವಾಗುತ್ತದೆ.

ಜೂನ್ 1ರ ಹತ್ತೊಂಬತ್ತು ಮಂದಿಯಲ್ಲಿ ಒಬ್ಬ ಮುಂದೆ ತಾನಾಗಿಯೇ ಸೈನ್ಯ ಸೇರಿದ. ಅಂದು ಜಗಲಿಯ ಮೇಲೆ ನನ್ನ ಪಕ್ಕದಲ್ಲಿದ್ದವನು ಅವನೇ. ಭರ್ತಿಯಾಗಿ ಹೊರಟ ದಿನ ಮೇಷ್ಟ್ರು ಬಸ್ ನಿಲ್ದಾಣಕ್ಕೆ ಬಂದಿದ್ದರಂತೆ. ನಿಮಗೆ ಬೇಸರವೇ ಸಾರ್ ಎಂದು ಅಂಜುತ್ತಲೇ ಕೇಳಿದ್ದಕ್ಕೆ, "ನಿನ್ನನ್ನು ಬೇಡದ ಯುದ್ಧಕ್ಕೆ ಕಳಿಸಿದರೆ ಯಾಕೆ ಅಂತ ಕೇಳೋಕೆ ನಾನಿಲ್ಲಿ ಇರ್ತೀನಿ, ಹೋಗಿ ಬಾ" ಎಂದು ಬೆನ್ನು ತಟ್ಟಿದರಂತೆ. ದಾವಣಗೆರೆವರೆಗಿನ ಟಿಕೆಟ್ಟಿನ ದುಡ್ಡನ್ನೂ ಅವರೇ ಕೊಟ್ಟರೆಂದು ಹೇಳುವಾಗ, ನಿವೃತ್ತ ಸುಬೇದಾರ ಮುಖ ಆಚೆ ತಿರುಗಿಸಿಕೊಂಡ.