ಹಿಟ್ಟಿನ ಚೀಲದ ಫೋಟೋ

ಬೆಳಗ್ಗೆ ಚಪಾತಿ ಹಿಟ್ಟು ಕಲಸ್ತಾ ಸುಮ್ನೆ ಫೋನಲ್ಲಿ ಚಕ್ ವ್ಯಾಗನ್ ಗ್ಯಾಂಗ್ ಅನ್ನೋ ಅಮೆರಿಕದ ದೇವರ ಹಾಡಿನ ಗುಂಪಿನ ಹಳೇ ಹಾಡು ಹಾಕಿದ್ದೆ. ಒಂದೇ ಗಿಟಾರು, ನಾಲ್ಕು ದನಿ. ಅಪ್ಪ, ಮಗ, ಇಬ್ಬರು ಹೆಣ್ಣುಮಕ್ಕಳು.

ಟೆಕ್ಸಾಸ್‌ನಲ್ಲಿ ಹತ್ತಿ ಬಿಡಿಸುತ್ತಿದ್ದ ಮನೆಯವರು. 1935ರಲ್ಲಿ ಮಗಳಿಗೆ ನ್ಯುಮೋನಿಯಾ ಬಂದು ಔಷಧಿಗೆ ಕಾಸಿಲ್ಲದಾಗ ಅಪ್ಪ ಡಿ.ಪಿ. ಕಾರ್ಟರ್ ಸೀದಾ ಲಬ್ಬಕ್ ರೇಡಿಯೋ ಸ್ಟೇಷನ್‌ಗೆ ಹೋಗಿ, ನಾವು ಹಾಡ್ತೀವಿ, ಕೆಲಸ ಕೊಡಿ ಅಂದರಂತೆ.

ಮುಂದಿನ ವರ್ಷ ಫೋರ್ಟ್ ವರ್ತ್ ಊರಿನ ರೇಡಿಯೋ. ಅಲ್ಲಿ ಬ್ಯೂಲಿ ಅನ್ನೋ ಹಿಟ್ಟಿನ ಕಂಪನಿ ಇವರ ಕಾರ್ಯಕ್ರಮಕ್ಕೆ ದುಡ್ಡು ಹಾಕಿತು, ಗುಂಪಿನ ಹೆಸರು ಕೂಡ ಅವರಿಂದಲೇ ಬಂದಿದ್ದು. ಹಿಟ್ಟಿನ ಚೀಲದ ಕೂಪನ್ ಕಳಿಸಿದರೆ ಇವರ ಫೋಟೋ ಮನೆಗೆ ಬರ್ತಿತ್ತು! ದೇವರ ಹಾಡು ಅಡುಗೆಮನೆಗೆ ಹಿಟ್ಟಿನ ಜೊತೆ ಬಂತು, ಅಲ್ವಾ?

ನಮ್ಮ ಹಿಟ್ಟಿನ ಪ್ಯಾಕೆಟ್ಟೂ ತಿರುಗಿಸಿ ನೋಡಿದೆ. ಎಕ್ಸ್‌ಪೈರಿ ಡೇಟ್ ಇತ್ತು.